ಮುಳುಗೋ ಚೀಲಕ್ಕೆ ಕೊಸರು

ವಾರವಿಡೀ ಹಡಗಿನಲ್ಲೇ ಉಳಿದು, ದಿನಾ ಕಡಲೊಳಗೆ ಮುಳುಗಿ ಮೀನು ನೋಡುವ ಪ್ರವಾಸಕ್ಕೆ ನಾನು ಹೊರಟಿದ್ದು ಅದೇ ಮೊದಲು. ಚೀಲ ಹದಿನೈದು ಕೆಜಿ ಮೀರಬಾರದು ಅಂತ ಹಡಗಿನವರು ತಾಕೀತು ಮಾಡಿದ್ದರು. ನೀರೊಳಗೆ ಉಸಿರು ಕಟ್ಟಿದರೆ ಏನು ಗತಿ ಅನ್ನೋ ಭಯವೆಲ್ಲ ಆ ಹದಿನೈದರ ಮೇಲೆ ಬಂದು ಕೂತಿತ್ತು. ತುಂಬೋದು, ತೆಗೆಯೋದು, ಮತ್ತೆ ತುಂಬೋದು. ಕೊನೆಗೆ ಚೀಲ ಹೊತ್ತುಕೊಂಡು ಕೊಣನೂರು ಸಂತೆಗೇ ಹೋದೆ. ಅಲ್ಲಿ ಶುಂಠಿ ಮಾರುವ ಅಜ್ಜಿಯ ಹತ್ತಿರ ಮೂಟೆ ತೂಗುವ ಮಿಷಿನ್ ಇತ್ತು.

"ಏನೈತೆ ಸಾ ಇದ್ರೊಳ್ಗೆ?"

"ಸಮುದ್ರದಲ್ಲಿ ಮುಳುಗೋ ಸಾಮಾನಜ್ಜಿ."

"ಮುಳುಗಕ್ಕೆ ಸಾಮಾನ್ ಯಾಕ್ ಸಾ? ನಮ್ ಒಳೇಲಿ ಬರಿಗೈಲೇ ಮುಳುಗ್ತಾರೆ."

ನಾನು ಚೀಲವನ್ನು ಮಿಷಿನ್ ಮೇಲಿಟ್ಟೆ. ಅದು ಸರಿಯಾಗಿ ಹದಿನೈದಕ್ಕೆ ನಿಂತಿತು. ನಾನು ಉಸಿರು ಬಿಡುವಷ್ಟರಲ್ಲಿ ಅಜ್ಜಿ ಒಂದು ಹಿಡಿ ಶುಂಠಿ ಎತ್ತಿ ಚೀಲದ ಜೇಬಿಗೆ ತುರುಕಿಬಿಟ್ಟಿತು.

"ಅಯ್ಯೋ, ಬೇಡಜ್ಜಿ! ತೂಕ ಜಾಸ್ತಿಯಾಗುತ್ತೆ!"

"ತೂಗಿದ್ಮೇಲೆ ಕೊಸರು ಆಕ್ದೆ ಕಳ್ಸಿದ್ರೆ ನಂಗೆ ಏಳ್ಗೆ ಆಯ್ತದಾ? ಸುಮ್ಕೆ ತಕೊಂಡೋಗಿ."

ಮನೆಗೆ ಬಂದು ಒಂದು ಪ್ಯಾಂಟು ತೆಗೆದಿಟ್ಟೆ. ಶುಂಠಿ ತೆಗೆಯೋಕೆ ಯಾಕೋ ಧೈರ್ಯ ಬರಲಿಲ್ಲ.

ಹಡಗು ಹತ್ತುವಾಗ ಚೀಲವನ್ನು ಯಾರೂ ತೂಗಲೇ ಇಲ್ಲ. ಮುಳುಗೋದು ಕಲಿಸುವಾತ ತೂಕಕ್ಕೆಂದು ನನ್ನ ಸೊಂಟಕ್ಕೆ ಸೀಸದ ತುಂಡುಗಳನ್ನು ಕಟ್ಟಿ ನೀರಿಗಿಳಿಸಿದ. ಆದರೂ ತೆಂಗಿನಕಾಯಿ ಹಾಗೆ ತೇಲಿದೆ. ಆತ ನಕ್ಕು ಇನ್ನೊಂದು ತುಂಡು ಸಿಕ್ಕಿಸಿದ. ಆಮೇಲೇ ನಾನು ಕೆಳಗಿಳಿದದ್ದು.

ಅಜ್ಜಿ ಸಿಕ್ಕಿದರೆ ಹೇಳಬೇಕು: ಮುಳುಗೋಕೂ ಸಾಮಾನು ಬೇಕು, ಅದೂ ಕೊಸರು ಸಮೇತ.