ಯುದ್ಧಮಂತ್ರಿಗಳ ಭಾನುವಾರ

"ಹುಟ್ಟಿದಾಗಿನಿಂದ ಯಾರ ಮುಂದೂ ತಲೆ ತಗ್ಗಿಸಿದವನಲ್ಲ ನಾನು" ಎಂಬುದು ಮಾಜಿ ಯುದ್ಧಮಂತ್ರಿಗಳ ನಿತ್ಯದ ಮಾತು. ಕ್ಷೌರಿಕ ಬಂದರೂ ಕತ್ತು ಬಾಗಿಸರು. ಪಾಪ, ಅವನೇ ಮಂಡಿಯೂರಿ ಹಿಂದಲೆಯ ಕೂದಲು ಕತ್ತರಿಸಬೇಕು. ಅವರು ಕೆಮ್ಮಿದರೆ ಅಡುಗೆಮನೆಯ ಸೌಟುಗಳು ಸಾಲಾಗಿ ನಿಂತು ಸಲಾಮು ಹೊಡೆಯುತ್ತವೆಂದು ಸೊಸೆ ಆಣೆಯಿಟ್ಟು ಹೇಳುತ್ತಾಳೆ. ಆದರೆ ಭಾನುವಾರ ಬಂತೆಂದರೆ ಮಾವ ಬೇರೆಯೇ ಮನುಷ್ಯ. ಯುದ್ಧದಲ್ಲಿ ಶತ್ರು ಈಚೆಗೆ ಬರಬಾರದೆಂದು, ಊರಿನ ಜನ ಇನ್ನೂ ದಾಟುತ್ತಿದ್ದ ಸೇತುವೆಯನ್ನೇ ಸಿಡಿಸಲು ಆಜ್ಞೆ ಕೊಟ್ಟವರು ಅವರು. ಅಲ್ಲಿ ತಮ್ಮವರನ್ನು ಕಳೆದುಕೊಂಡ ಯಾರು ಬೇಕಾದರೂ ಪ್ರತಿ ಭಾನುವಾರ ಮನೆಗೆ ಬಂದು ಬಾಯ್ತುಂಬ ಬೈಯಬಹುದು. ಬಂದವರಿಗೆ ಮೆತ್ತನೆಯ ಕುರ್ಚಿ. ಬೈಗುಳ ಮುಗಿಯುವವರೆಗೂ ಇವರು ಎದುರಿಗೆ ಕೈಕಟ್ಟಿ, ತಲೆ ತಗ್ಗಿಸಿ ನಿಂತಿರುತ್ತಾರೆ. ಮೊನ್ನೆ ಒಬ್ಬ ಮುದುಕಿಗೆ ಬೈದೂ ಬೈದೂ ಗಂಟಲು ಒಣಗಿದಾಗ ತಾವೇ ನೀರು ತಂದುಕೊಟ್ಟು, "ಇನ್ನೂ ಇದ್ರೆ ಹೇಳಮ್ಮಾ" ಎಂದು ಮತ್ತೆ ಹೋಗಿ ನಿಂತರು. ಬಾಗಿಲ ಹಿಂದಿದ್ದ ಸೊಸೆ ಎಲ್ಲವನ್ನೂ ಕೇಳಿಸಿಕೊಂಡಳು. ಮುದುಕಿ ಹೋದ ಮೇಲೆ ಅವಳು ತಡೆಯಲಾರದೆ, "ಸೇನಾಪತಿಗಳು ಹೇಳಿದ್ದಕ್ಕೆ ತಾನೇ ಮಾವ ನೀವು ಹೂಂ ಅಂದಿದ್ದು? ಬೈಯೋಕೆ ಬಂದವರಿಗೆ ಅವರ ಮನೆ ತೋರಿಸಿಬಿಡಿ" ಎಂದಳು. ಮಾವ ಮೀಸೆ ನೇವರಿಸಿಕೊಂಡರು: "ಗೆದ್ದ ಮೇಲೆ ಪದಕ ಚುಚ್ಚೋಕೆ ಬಂದ್ರಲ್ಲ, ಆಗ 'ನನ್ನ ಎದೆಗ್ಯಾಕೆ, ಸೇನಾಪತಿ ಮನೆಗೆ ಹೋಗಿ' ಅಂದಿದ್ನೇನಮ್ಮಾ?"