ವಿನಿಫ್ರೆಡ್ ಬಿಟ್ಟುಕೊಡದ ಹೆಸರು

ಮ್ಯಾಂಚೆಸ್ಟರಿನ ಹತ್ತಿರದ ಬೆರಿ ಊರಿನ ಹತ್ತಿ ಗಿರಣಿಯಲ್ಲಿ ಮೂವತ್ತೊಂದು ವರ್ಷ ನನ್ನ ಪಕ್ಕದ ಮಗ್ಗಗಳನ್ನು ನೋಡಿಕೊಂಡವಳು ವಿನಿಫ್ರೆಡ್ ಶಫಲ್‌ಬಾಟಮ್. ಶಫಲ್ ಎಂದರೆ ಎಳೆದುಕೊಂಡು ನಡೆಯುವುದು, ಬಾಟಮ್ ಎಂದರೆ ಕುಂಡಿ; ಆ ಮನೆತನದ ಹೆಸರು ಕಿವಿಗೆ ಬಿದ್ದರೆ ಯಾರಿಗಾದರೂ ಕುಂಡಿ ಎಳೆದುಕೊಂಡು ನಡೆಯುವವರೇ ಕಣ್ಣಿಗೆ ಕಟ್ಟಬೇಕು. ಶಾಲೆಯಲ್ಲಿ ಅವಳ ಹಾಜರಿ ಕೂಗಿದಾಗಲೆಲ್ಲ ಹುಡುಗಿಯರು ಬೆಂಚಿನ ಮೇಲೆ ಜರುಗಾಡುತ್ತಿದ್ದರಂತೆ. ಗಿರಣಿಯಲ್ಲಿ ನಾವೂ ಕಡಿಮೆಯವರಲ್ಲ. ಮಗ್ಗದ ಸದ್ದಿನಲ್ಲಿ ಮಾತು ಕೇಳಿಸದು; ತುಟಿ ಓದಿಕೊಂಡೇ ನಾವು ಚೇಷ್ಟೆ ಮಾಡುತ್ತಿದ್ದುದು.

"ಬಂದ್ಲು ನೋಡ್ರೇ, ಎಳ್ಕೊಂಡು ಎಳ್ಕೊಂಡು!" ಎಂದು ನಾನು ತುಟಿ ಆಡಿಸಿದರೆ, "ಎಳ್ಕೊಂಡಾದ್ರೂ ನಿನಗಿಂತ ಮೊದ್ಲು ಬಂದೆನಲ್ಲೇ, ಮಾಬೆಲ್" ಎಂದು ಕಡಿದ ನೂಲು ಕಟ್ಟುತ್ತಲೇ ಉತ್ತರಿಸುವಳು.

ಅವಳ ತಮ್ಮ ಕ್ಲಿಫರ್ಡ್ ಮ್ಯಾಂಚೆಸ್ಟರಿನಲ್ಲಿ ಹ್ಯಾಟಿನ ಅಂಗಡಿ ಇಟ್ಟ. ವಕೀಲರ ಬಳಿ ಹೋಗಿ ಹೆಸರನ್ನು ಶೆಲ್ಬರ್ನ್ ಎಂದು ಬದಲಾಯಿಸಿಕೊಂಡ. ಒಂದು ಭಾನುವಾರ ಅಕ್ಕನ ಮನೆಗೆ ಊಟಕ್ಕೆ ಬಂದವನು, "ನೀನೂ ಬದಲಾಯಿಸ್ಕೊಳ್ಳೇ ವಿನಿ. ಒಂದು ಸಹಿ ಸಾಕು" ಎಂದ.

"ಅಪ್ಪ ಯುದ್ಧದಲ್ಲಿ ಸತ್ತದ್ದು ಇದೇ ಹೆಸರಲ್ಲಿ. ಚರ್ಚಿನ ಗೋಡೇಲಿ ಕೆತ್ತಿದಾರೆ. ಆ ಕಲ್ಲಿಗೂ ಸಹಿ ಹಾಕಿಸ್ತೀಯೇನೋ?"

ಕ್ಲಿಫರ್ಡ್ ತಟ್ಟೆಯಲ್ಲಿದ್ದ ಕುರಿಮಾಂಸ ಮುಗಿಸದೆ ಎದ್ದುಹೋದ.

ಮರುದಿನ ವಿನಿ ನನ್ನ ಹತ್ತಿರ, "ಹಟಕ್ಕೆ ಅಂದ್ಬಿಟ್ಟೆ ಕಣೇ. ಆದ್ರೆ ಆ ಹೆಸರಿಗೆ ಅರ್ಥ ಏನು ಅಂತ ನಂಗೂ ಗೊತ್ತಿಲ್ವಲ್ಲ" ಎಂದಳು.

ಅಂದಿನಿಂದ ಶನಿವಾರ ಮಧ್ಯಾಹ್ನ ಗಿರಣಿ ಬಿಟ್ಟ ಕೂಡಲೇ ಅವಳು ಹೊರಡುತ್ತಿದ್ದುದು ಗ್ರಂಥಾಲಯಕ್ಕೆ, ಇಲ್ಲವೇ ಚರ್ಚಿನ ಹಳೆಯ ದಾಖಲೆ ಪುಸ್ತಕಗಳಿಗೆ. ಹದಿಮೂರಕ್ಕೇ ಶಾಲೆ ಬಿಟ್ಟವಳು ಮುನ್ನೂರು ವರ್ಷ ಹಿಂದಿನ ವಕ್ರ ಅಕ್ಷರಗಳನ್ನು ಒಂದೊಂದಾಗಿ ತಿದ್ದಿ ಕಲಿತಳು. ನಾಲ್ಕು ವರ್ಷ ಹಿಡಿಯಿತು. ಹಿಂದೆ ಹೋದಷ್ಟೂ ಹೆಸರಿನ ಕಾಗುಣಿತ ಬದಲಾಗುತ್ತ ಹೋಗಿ, ಕೊನೆಗೆ ಶಿಪರ್‌ಬಾಟಮ್ ಎಂಬ ತಗ್ಗಿಗೆ ಬಂದು ನಿಂತಿತು. ಕುರಿ ತೊಳೆಯುವ ತೊರೆಯ ಕಣಿವೆ ಎಂದು ಅರ್ಥ. ನಮ್ಮ ಕಡೆ ಕಣಿವೆಯ ತಳಕ್ಕೂ ಬಾಟಮ್ ಎಂದೇ ಅನ್ನುತ್ತೇವೆ. ಆದರೂ ನಮಗಾರಿಗೂ ಅದು ಹೊಳೆದಿರಲಿಲ್ಲ.

ಆ ಜೂನಿನ ಒಂದು ಶನಿವಾರ ಇಬ್ಬರೂ ಅಲ್ಲಿಗೆ ನಡೆದೆವು. ತೊರೆಗೆ ಕಲ್ಲಿನ ಒಡ್ಡು ಕಟ್ಟಿ, ಉಣ್ಣೆ ಕತ್ತರಿಸುವ ಮೊದಲು ಒಬ್ಬ ಮುದುಕ ರೈತ ಕುರಿ ತೊಳೆಯುತ್ತಿದ್ದ.

"ಯಾರಮ್ಮಾ ನೀವು?"

"ಶಫಲ್‌ಬಾಟಮ್" ಎಂದಳು ವಿನಿ. ಅವನು ನಗುತ್ತಾನೆಂದು ನಾನು ಕಾದೆ. ನಗಲಿಲ್ಲ.

"ಇಷ್ಟು ತಡವಾಗಿ ಬಂದ್ರೆ ಹೇಗೆ ತಾಯಿ? ತೋಳು ಮಡಿಸ್ಕೊಳ್ಳಿ, ಇನ್ನೂ ನಲವತ್ತು ಕುರಿ ಇವೆ."

ವಿನಿ ಕಾಲುಚೀಲ ಕಳಚಿ ಸೊಂಟದುದ್ದದ ತಣ್ಣೀರಿಗೆ ಇಳಿದೇಬಿಟ್ಟಳು. ಮೂರನೆಯ ಕುರಿ ಒದ್ದ ಒದೆತಕ್ಕೆ ದೊಪ್ಪನೆ ಕುಂಡಿಯೂರಿ ಕತ್ತಿನವರೆಗೂ ಮುಳುಗಿದಳು. ಎದ್ದವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಷ್ಟು ವರ್ಷಗಳಲ್ಲಿ ಅವಳು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ನಲವತ್ತೂ ಮುಗಿಸಿಯೇ ದಡ ಹತ್ತಿದಳು.

ಆಮೇಲೆ ಗಿರಣಿಯವರೆಲ್ಲ ತಮ್ಮ ತಮ್ಮ ಹೆಸರಿನ ಮೂಲ ಕೇಳಿಕೊಂಡು ಅವಳ ಅಡುಗೆಮನೆಗೆ ಬರತೊಡಗಿದರು. ನನ್ನದನ್ನೂ ಹುಡುಕಿಕೊಟ್ಟಳು. ಕ್ಲಿಫರ್ಡ್ ಹಳೆಯ ಹೆಸರಿಗೆ ಮರಳಲಿಲ್ಲ. ಆದರೆ ಮುಂದಿನ ಜೂನಿನಲ್ಲಿ ನಾವು ಮತ್ತೆ ಕುರಿ ತೊಳೆಯಲು ಹೋದಾಗ ಮಗಳ ಜೊತೆ ಬಂದು ದಡದಲ್ಲಿ ಹ್ಯಾಟು ಹಿಡಿದು ನಿಂತ.

"ಬೂಟು ಬಿಚ್ಚೋ, ಶೆಲ್ಬರ್ನ್ ಸಾಹೇಬ! ಕುರಿಗಳು ಹೆಸರು ಕೇಳಲ್ಲ" ಎಂದು ವಿನಿ ನೀರಿನಿಂದಲೇ ಕೂಗಿದಳು.

ಮಗಳು ಆಗಲೇ ನೀರಿಗಿಳಿದಿದ್ದಳು. ಕ್ಲಿಫರ್ಡ್ ಹ್ಯಾಟನ್ನು ನನ್ನ ಕೈಗೆ ಕೊಟ್ಟು, ಬಗ್ಗಿ ಬೂಟಿನ ದಾರ ಬಿಚ್ಚತೊಡಗಿದ.