ಹೊಗೆಯನ್ನೇ ಉಂಡ ಒಲೆ

ಪೆಶ್ತರ್ ಬಯಲಿನ ಚಳಿಯನ್ನು ಉಪ್ಪು ಖಾರ ಹಚ್ಚಿ ಹೇಳುವ ಕಷ್ಟ ನಮಗೆ ಯಾರಿಗೂ ಇಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೇ ಹೊರಗಿನವರು ಬುರುಡೆ ಬಿಡಬೇಡಿ ಅನ್ನುತ್ತಾರೆ. ಮರವೇ ಇಲ್ಲದ ಬಯಲು ಬೇರೆ. ಒಂದೊಂದು ಕೊರಡೂ ದೂರದ ಕಾಡಿನಿಂದ ಬರಬೇಕು. ಅಂಥ ಊರಿನಲ್ಲಿ ಒಂಬತ್ತು ಮಕ್ಕಳ ಶಾಲೆಯನ್ನು ಬೆಚ್ಚಗಿಡುವುದು ಝುಮ್ರಾಳ ಕೆಲಸ. ಅದೇ ಕೆಲಸದಲ್ಲಿದ್ದ ಅಪ್ಪ ತೀರಿಕೊಂಡಾಗ ಅವಳಿಗೆ ಇಪ್ಪತ್ತೆರಡು. ಅಂದಿನಿಂದ ಹತ್ತೊಂಬತ್ತು ಚಳಿಗಾಲ ಶಾಲೆಯ ನೆಲಮಾಳಿಗೆಯ ದೈತ್ಯ ಒಲೆಯ ಮುಂದೆಯೇ ಕಳೆದಳು.

ಮೊದಲ ಹಿಮ ಬಿದ್ದ ದಿನ ಹಚ್ಚಿದ ಬೆಂಕಿ ವಸಂತದವರೆಗೆ ಆರಬಾರದು, ಅದು ನಮ್ಮ ಕಡೆಯ ಕಟ್ಟಳೆ. ಸಂಜೆ ಹಸಿ ಕೊರಡು ತುರುಕಿ, ಗಾಳಿಬಾಯಿ ಬಿಗಿಯಾಗಿ ಮುಚ್ಚಿ, ಬೆಳಿಗ್ಗೆ ಬಂದು ಕೆಂಡ ಕೆದಕಬೇಕು. ಯಾರ ಮೇಲಾದರೂ ಹೊಟ್ಟೆಯುರಿದರೆ ‘ನಿನ್ನ ಒಲೆ ಆರಿಹೋಗಲಿ’ ಎಂದು ಶಪಿಸುತ್ತಾರೆ. ಮನೆತನವೇ ಅಳಿಯಲಿ ಎಂದು ಅದರ ಅರ್ಥ. ಝುಮ್ರಾಳ ಒಲೆ ಒಮ್ಮೆಯೂ ಆರಿರಲಿಲ್ಲ. ಹೆಮ್ಮೆಪಡಲು ಅವಳಿಗೆ ಇದ್ದದ್ದೂ ಅದೊಂದೇ.

ಆ ವರ್ಷ ಬಂದದ್ದು ಅರ್ಧ ಕಟ್ಟಿಗೆ. ಇಳಿಸಿದ ಲಾರಿಯವನು ಶಿಕ್ಷಣ ಇಲಾಖೆಯ ಪತ್ರವೊಂದನ್ನೂ ಕೈಗಿಟ್ಟ. ಇಷ್ಟರಲ್ಲೇ ಚಳಿಗಾಲ ದಾಟಬೇಕು. ಜನವರಿಯಲ್ಲಿ ಅಧಿಕಾರಿ ಬರುತ್ತಾರೆ. ಶಾಲೆ ತಣ್ಣಗಿದ್ದರೆ ಬೀಗ, ಮಕ್ಕಳು ಪಟ್ಟಣದ ಹಾಸ್ಟೆಲಿಗೆ.

ಆ ಹಾಸ್ಟೆಲ್ ಏನೆಂದು ಝುಮ್ರಾಳಿಗೆ ಗೊತ್ತಿತ್ತು. ಶಾಲೆಯ ಛಾವಣಿ ಕುಸಿದ ವರ್ಷ, ಎಂಟು ವರ್ಷದ ಅವಳನ್ನು ಅಲ್ಲಿಗೇ ಕಳಿಸಿದ್ದರು. ಅಳು ಪಕ್ಕದವರಿಗೆ ಕೇಳಿಸಬಾರದೆಂದು ದಿಂಬು ಕಚ್ಚಿ ಮಲಗಿದವಳು, ವರ್ಷ ಮುಗಿಯುವ ಮೊದಲೇ ಓದು ಬಿಟ್ಟು ಮನೆಗೆ ಬಂದಿದ್ದಳು. ಈ ಒಂಬತ್ತು ಮಕ್ಕಳಿಗೂ ಅದೇ ಗತಿ ಬರುವುದನ್ನು ನೆನೆದರೆ ಅವಳಿಗೆ ತುತ್ತು ಇಳಿಯುತ್ತಿರಲಿಲ್ಲ.

ನವೆಂಬರಿನ ಒಂದು ಮಧ್ಯಾಹ್ನ ಒಲೆಯ ಪಕ್ಕದ ಇಟ್ಟಿಗೆ ಬಿರುಕುಬಿಟ್ಟಿತು. ಮೆತ್ತಲು ಮಣ್ಣು ಕಲಸಿ ತಂದ ಝುಮ್ರಾ ಒಲೆಬಾಗಿಲಿನ ಇಣುಕುಕಿಂಡಿಗೆ ಕಣ್ಣಿಟ್ಟಳು. ಮಣ್ಣು ಕೈಯಲ್ಲೇ ಉಳಿಯಿತು. ಬಿರುಕಿನಿಂದ ನುಗ್ಗಿದ ಗಾಳಿ ಕಾದ ಇಟ್ಟಿಗೆಯನ್ನು ಸವರಿ ಬಂದು ಹೊಗೆಗೆ ತಾಗುತ್ತಿತ್ತು, ತಾಗಿದಲ್ಲೆಲ್ಲ ಹೊಗೆಯೇ ಹೊತ್ತಿಕೊಳ್ಳುತ್ತಿತ್ತು! ಕೊರಡಿನ ಮೇಲಲ್ಲ, ಬರೀ ಗಾಳಿಯಲ್ಲಿ, ಯಾವುದನ್ನೂ ಹಿಡಿದುಕೊಳ್ಳದೆ, ನೀಲಿ ಅಂಚಿನ ಹೊಂಬಣ್ಣದ ಜ್ವಾಲೆ ತೇಲುತ್ತಿತ್ತು.

“ಯಾ ಅಲ್ಲಾ,” ಅಂದಳು. “ಇಷ್ಟು ವರ್ಷ ಅರ್ಧ ಕಟ್ಟಿಗೆನ ಚಿಮಣಿಯಿಂದ ಆಕಾಶಕ್ಕೆ ದಾನ ಮಾಡ್ತಿದ್ದೆನಲ್ಲ ನಾನು!”

ಮುಂದಿನ ಮೂರು ವಾರ ಅವಳಿಗೆ ಹುಚ್ಚು ಹಿಡಿದಿತ್ತು ಅಂತಲೇ ಹೇಳಬೇಕು. ಮುರಿದ ಮಂಚದ ಕಬ್ಬಿಣದ ಕೊಳವೆಗೆ ಸಾಲಾಗಿ ತೂತು ಕೊರೆದಳು. ಗಾಳಿ ಕಾದೇ ಬರಲೆಂದು ಅದನ್ನು ಒಲೆಯ ಬಿಸಿ ಗೋಡೆಯೊಳಗೆ ಹಾಯಿಸಿ, ಕೊರಡುಗಳ ಮೇಲ್ಗಡೆ ಬಾಯಿ ಬರುವಂತೆ ಕೂರಿಸಿದಳು. ಬಿದ್ದುಹೋದ ಹಾಲಿನ ಡೈರಿಯ ಇಟ್ಟಿಗೆ ಹೊತ್ತು ತಂದು, ಬಿಸಿ ಮೂರು ಸುತ್ತು ಹಾಕಿಯೇ ಚಿಮಣಿ ಸೇರುವಂತೆ ದಪ್ಪ ಗೋಡೆ ಕಟ್ಟಿದಳು. ಎರಡು ಸಲ ಕೆಟ್ಟಿತು. ಒಮ್ಮೆ ಹೊಗೆಯೆಲ್ಲ ತರಗತಿಗೆ ನುಗ್ಗಿ ಮಕ್ಕಳಿಗೆ ರಜೆ ಸಿಕ್ಕಿತು. ಅವು ಕುಣಿದವು, ಅವಳು ಅತ್ತಳು. ಮೂರನೇ ಸಲ ಒಲೆ ಗುಡುಗಿನಂತೆ ಮೊರೆದು ಉರಿಯಿತು.

ಆದರೆ ಈ ಹೊಸ ಒಲೆಗೆ ಬೇಕಾದದ್ದು ಒಣ ಸೀಳು, ಎರಡು ಗಂಟೆಯ ಜೋರು ಉರಿ, ಆಮೇಲೆ ನಿದ್ದೆ. ಕೆಂಡ ಪೂರ್ತಿ ಆರಿದ ಮೇಲೆ ಚಿಮಣಿಯ ತಟ್ಟೆ ಮುಚ್ಚಿದರೆ, ಗೋಡೆ ಹೀರಿಕೊಂಡ ಬಿಸಿ ಮರುದಿನದವರೆಗೆ ಬರುತ್ತದೆ. ಅಂದರೆ ದಿನವೂ ಬೆಂಕಿ ಆರಲೇಬೇಕು!

ಸುದ್ದಿ ಕೇಳಿ ಅಪ್ಪನ ಗೆಳೆಯ, ಕುರಿಗಾಹಿ ಹಾಯ್ರೊ ಬಂದು ಎಗರಾಡಿದ. “ತಲೆ ಕೆಟ್ಟಿದೆಯೇನೇ? ಮೈ ಸುಡೋ ಜ್ವರದಲ್ಲೂ ಎದ್ದು ಬಂದು ನಿಮ್ಮಪ್ಪ ಈ ಬೆಂಕಿ ಕಾಯ್ತಿದ್ದ. ನೀನು ಬೇಕೂಂತ್ಲೇ ಆರಿಸ್ತೀಯಾ?”

“ಆರಿಸ್ತಿಲ್ಲ ಚಿಕ್ಕಪ್ಪಾ, ಪೂರ್ತಿ ಉರಿಯೋಕೆ ಬಿಡ್ತಿದೀನಿ.”

“ಮಾತಿಗೇನೂ ಕಮ್ಮಿ ಇಲ್ಲ! ನಾಳೆ ಏನಾದ್ರೂ ಆದ್ರೆ ನನ್ನ ಹತ್ರ ಅಳ್ತಾ ಬರಬೇಡ.”

ಮೊದಲ ಸಲ ಕೊನೆಯ ಕೆಂಡ ಕಪ್ಪಾಗುವುದನ್ನು ಅವಳು ನಿಂತು ನೋಡಿದಳು. ಅಪ್ಪಾ, ತಪ್ಪಾದರೆ ಹೊಟ್ಟೆಗೆ ಹಾಕಿಕೋ ಅಂದುಕೊಂಡು ತಟ್ಟೆ ಎಳೆದಳು.

ಅಧಿಕಾರಿ ಬರುವ ಬೆಳಿಗ್ಗೆ ಹೊರಗೆ ಉಗುಳಿದ್ದು ನೆಲ ಮುಟ್ಟುವಷ್ಟರಲ್ಲಿ ಹೆಪ್ಪುಗಟ್ಟುತ್ತಿತ್ತು. ಊರವರೆಲ್ಲ ಶಾಲೆಯ ಚಿಮಣಿ ನೋಡಿದರು. ಹೊಗೆಯ ಎಳೆಯೂ ಇಲ್ಲ.

“ಸತ್ತಿತು ಇವಳ ಒಲೆ. ನಾನು ಬಡ್ಕೊಂಡೆ, ಕೇಳಿದ್ಲಾ?” ಎಂದು ಬೈಯುತ್ತಲೇ ಹಾಯ್ರೊ ತನ್ನ ಮನೆಯ ಕಟ್ಟಿಗೆಯನ್ನು ಜಾರುಬಂಡಿಗೆ ಹೇರಿದ. ಸಲಿಕೆಯ ತುಂಬ ಕೆಂಡ ಹಿಡಿದು ಓಡಿದ. ಅವನ ಹಿಂದೆ ಇನ್ನೂ ನಾಲ್ಕು ಮನೆಯವರು. ಶಾಲೆಯ ಮೆಟ್ಟಿಲ ಹತ್ತಿರ ಅಧಿಕಾರಿಯ ಕಾರು ಎದುರಾಯಿತು.

“ಓಹೋ, ಕೆಂಡ ಕಡ ತರೋವರೆಗೂ ಬಂತಾ?” ಎಂದು ಆತ ಜೇಬಿನಿಂದ ಬೀಗ ತೆಗೆದ. ಹಾಯ್ರೊ ತಲೆ ತಗ್ಗಿಸಿದ.

ಬಾಗಿಲು ತೆರೆದದ್ದೇ ಅಧಿಕಾರಿಯ ಕನ್ನಡಕ ಮಬ್ಬಾಯಿತು. ಒಳಗೆ ಒಂಬತ್ತು ಮಕ್ಕಳು ಬರೀ ಅಂಗಿಯಲ್ಲಿ ಕೂತು ಲೆಕ್ಕ ಮಾಡುತ್ತಿದ್ದರು.

“ಬಾಗಿಲು ಹಾಕ್ರೀ, ಬಿಸಿ ಹೋಗುತ್ತೆ!” ಎಂದು ಹುಡುಗಿಯೊಬ್ಬಳು ಗದರಿದಳು.

ಆತ ತುಪ್ಪಳದ ಕೋಟಿನ ಗುಂಡಿ ಬಿಚ್ಚಿದ. ಕಟ್ಟಿಗೆ ಮನೆಗೆ ಹೋಗಿ ನೋಡಿದ. ಮುಕ್ಕಾಲು ಪಾಲು ಹಾಗೇ ಇತ್ತು. ಎಲ್ಲರೂ ನೆಲಮಾಳಿಗೆಗೆ ಇಳಿದರು. ಅಲ್ಲಿ ಝುಮ್ರಾ ಆ ದಿನದ ಉರಿ ಕಾಯುತ್ತ ನಿಂತಿದ್ದಳು. ಹಾಯ್ರೊ ಇಣುಕುಕಿಂಡಿಗೆ ಕಣ್ಣಿಟ್ಟವನು ತೆಗೆಯಲೇ ಇಲ್ಲ.

“ಹೊಗೆ ಎಲ್ಲಿ ಹೋಯ್ತೇ?”

“ಅಲ್ಲಿ ಉರೀತಿರೋದೇ ಅದು, ಚಿಕ್ಕಪ್ಪ.”

ಅವನು ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. “ಅಬ್ಬಾ! ಇದನ್ನ ನೋಡೋ ಭಾಗ್ಯ ನಿಮ್ಮಪ್ಪಂಗೆ ಇರ್ಲಿಲ್ಲವಲ್ಲೇ,” ಅಂದ. ಅವನ ನಂತರ ಅಧಿಕಾರಿಯೂ ಬಗ್ಗಿ ನೋಡಿದ. ಬೀಗವನ್ನು ಜೇಬಿಗೆ ಹಾಕಿಕೊಂಡು, ಶಾಲೆ ಇಲ್ಲೇ ನಡೆಯಲಿ ಎಂದು ಬರೆದುಕೊಟ್ಟ.

ಮಧ್ಯಾಹ್ನ ಗಂಟೆ ಹೊಡೆದಾಗ ಒಂಬತ್ತೂ ಮಕ್ಕಳು ಕೂಗಾಡುತ್ತ ಹಿಮದಲ್ಲಿ ಮನೆ ಕಡೆ ಓಡಿದವು. ಝುಮ್ರಾ ಮೆಟ್ಟಿಲ ಮೇಲೆ ನಿಂತು, ಒಂದೊಂದೂ ತನ್ನ ತನ್ನ ಮನೆಯ ಬಾಗಿಲು ಸೇರುವವರೆಗೆ ನೋಡಿದಳು.